ಸಣ್ಣ ಕೆಲಸಗಳ ಕಿರುದಾರಿ

ಬಟ್ಟೆ ಒಗೆಯುವ ದಿನ. ಉತ್ತರ ಫ್ರಾನ್ಸಿನ ನಾರ್ಮಂಡಿ ಪ್ರಾಂತ್ಯದ ಲಿಸಿಯೂ ಎಂಬ ಸಣ್ಣ ಪಟ್ಟಣದ ಕಾರ್ಮೆಲ್ ಮಠದಲ್ಲಿ ಸಂನ್ಯಾಸಿನಿಯರು ಒಗೆಯುವ ತೊಟ್ಟಿಯ ಸುತ್ತ ಸೇರಿದ್ದಾರೆ. ಅದು 1890ರ ದಶಕ. ಎದುರಿಗಿದ್ದ ಸೋದರಿಯೊಬ್ಬರು ಕರವಸ್ತ್ರಗಳನ್ನು ಎತ್ತಿ ಹಲಗೆಗೆ ಹಾಕಿದಾಗಲೆಲ್ಲ ಕೊಳೆನೀರು ಹಾರಿ ಈಚೆಗಿದ್ದ ತರುಣಿಯ ಮುಖಕ್ಕೆ ಸಿಡಿಯುತ್ತಿದೆ. ಹಿಂದಕ್ಕೆ ಸರಿದು, ಎಲ್ಲರಿಗೂ ಕಾಣುವಂತೆ ಮುಖ ಒರೆಸಿಕೊಳ್ಳುವುದು ಯಾರಿಗಾದರೂ ಸಹಜ. ಆ ತರುಣಿಗೂ ಮೊದಲು ಹಾಗೆಯೇ ಅನ್ನಿಸಿತು. ಆದರೆ ಆಕೆ ಸರಿಯಲಿಲ್ಲ, ಮುಖ ಗಂಟಿಕ್ಕಲೂ ಇಲ್ಲ. ಕೆಲಸ ಮುಗಿಯುವ ಹೊತ್ತಿಗೆ ಆ ಹೊಸ ಬಗೆಯ ‘ಪ್ರೋಕ್ಷಣೆ’ ಆಕೆಗೆ ಹಿಡಿಸಿಯೇ ಹೋಗಿತ್ತು. ಮುಂದಿನ ಸಲವೂ ಇದೇ ಜಾಗಕ್ಕೆ ಬರಬೇಕು ಎಂದು ನಿಶ್ಚಯಿಸಿಕೊಂಡಳು.

ಇಷ್ಟೇ ಘಟನೆ. ಇದರಲ್ಲಿ ಪವಾಡವಿಲ್ಲ, ದರ್ಶನವಿಲ್ಲ. ಪಕ್ಕದಲ್ಲಿದ್ದವರಿಗೆ ಏನಾದರೂ ನಡೆಯಿತೆಂಬುದು ಕೂಡ ಗೊತ್ತಾಗಿರಲಾರದು. ಆದರೆ ಕಥೋಲಿಕ ಧರ್ಮಸಭೆ ಕಳೆದ ನೂರು ವರ್ಷಗಳಲ್ಲಿ ‘ಪಾವಿತ್ರ್ಯ’ ಎಂಬ ಮಾತಿಗೆ ಕೊಡುತ್ತ ಬಂದಿರುವ ಅರ್ಥವನ್ನು ತಿಳಿಯಬೇಕಾದರೆ ಈ ಒಗೆಯುವ ತೊಟ್ಟಿಯ ಬಳಿಗೇ ಬರಬೇಕಾಗುತ್ತದೆ.

ಆ ತರುಣಿಯ ಹೆಸರು ತೆರೇಸಾ ಮಾರ್ಟಿನ್. ಹದಿನೈದನೆಯ ವಯಸ್ಸಿಗೆ ಮಠ ಸೇರಿದವಳು ಒಂಬತ್ತೂವರೆ ವರ್ಷ ಅದರ ಗೋಡೆ ದಾಟದೆ ಬದುಕಿ, ಇಪ್ಪತ್ತನಾಲ್ಕಕ್ಕೆ ಕ್ಷಯರೋಗದಿಂದ ತೀರಿಕೊಂಡಳು. ಆಸ್ಪತ್ರೆ ಕಟ್ಟಿಸಲಿಲ್ಲ, ದೂರದೇಶಗಳಲ್ಲಿ ಧರ್ಮಪ್ರಚಾರ ಮಾಡಲಿಲ್ಲ, ಹೊಸ ಮಠ ಸ್ಥಾಪಿಸಲಿಲ್ಲ. ಆದರೂ ಸತ್ತ 28 ವರ್ಷಕ್ಕೆ, 1925ರಲ್ಲಿ, ಆಕೆಗೆ ಸಂತ ಪದವಿ ದೊರೆಯಿತು. 1997ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ಆಕೆಯನ್ನು ಧರ್ಮಸಭೆಯ ಆಚಾರ್ಯರ ಪಂಕ್ತಿಗೆ ಸೇರಿಸಿದರು. ಎರಡು ಸಾವಿರ ವರ್ಷಗಳ ಇತಿಹಾಸದಲ್ಲಿ ಆ ಗೌರವ ಪಡೆದ 33ನೆಯ ವ್ಯಕ್ತಿ ಆಕೆ, ಮಹಿಳೆಯರಲ್ಲಿ ಮೂರನೆಯವಳು. ಕರ್ನಾಟಕದ ಹಲವು ಊರುಗಳ ಶಾಲೆಗಳ ಫಲಕದ ಮೇಲೆ ಕಾಣುವ ‘ಲಿಟಲ್ ಫ್ಲವರ್’ ಎಂಬ ಹೆಸರು ಈಕೆಯದೇ.

ಏನೂ ಮಾಡದವಳಂತೆ ಕಾಣುವ ಈಕೆ ಆಚಾರ್ಯಳಾದದ್ದು ಹೇಗೆ?

ಜೇಬಿನಲ್ಲೊಂದು ಮಣಿಸರ

ತೆರೇಸಾ ಹುಟ್ಟಿದ್ದು 1873ರ ಜನವರಿ 2ರಂದು, ಅಲಾನ್ಸೋನ್ ಎಂಬ ಊರಿನಲ್ಲಿ. ತಂದೆ ಲೂಯಿ ಗಡಿಯಾರದ ಕೆಲಸ ಮಾಡುತ್ತಿದ್ದವರು. ತಾಯಿ ಝೇಲಿ ಆ ಊರಿಗೆ ಹೆಸರು ತಂದ ಲೇಸಿನ ಉದ್ಯಮ ನಡೆಸುತ್ತಿದ್ದವರು. ಸೂಜಿ ದಾರದಿಂದ ಹೆಣೆಯುವ ಅಲಾನ್ಸೋನ್ ಲೇಸು ಬಹು ಸೂಕ್ಷ್ಮವಾದ, ಬಹಳ ಸಮಯ ಬೇಡುವ ಕೆಲಸ. ದಂಪತಿಗೆ ಹುಟ್ಟಿದ ಒಂಬತ್ತು ಮಕ್ಕಳಲ್ಲಿ ನಾಲ್ವರು ಎಳವೆಯಲ್ಲೇ ತೀರಿಕೊಂಡರು. ಉಳಿದವರು ಐವರು ಹೆಣ್ಣುಮಕ್ಕಳು. ತೆರೇಸಾ ಎಲ್ಲರಿಗಿಂತ ಚಿಕ್ಕವಳು.

ಮನೆಯಲ್ಲಿ ಭಕ್ತಿಗೂ ಕೆಲಸಕ್ಕೂ ನಡುವೆ ಗೋಡೆ ಇರಲಿಲ್ಲ. ಭಾನುವಾರ ಒಳ್ಳೆಯ ವ್ಯಾಪಾರವಾಗುವ ದಿನವಾದರೂ ಲೂಯಿ ಅಂಗಡಿ ತೆರೆಯುತ್ತಿರಲಿಲ್ಲ. ಬೆಳಗಿನ ಬಲಿಪೂಜೆಗೆ ಹೋಗಿ ಬಂದು, ಕೆಲಸಗಾರ್ತಿಯರ ಲೆಕ್ಕ ನೋಡಿ, ಮಕ್ಕಳ ಕಾಯಿಲೆ ಕಸಾಲೆ ನಿಭಾಯಿಸುತ್ತಿದ್ದ ಝೇಲಿ ಬರೆದ ಇನ್ನೂರಕ್ಕೂ ಹೆಚ್ಚು ಪತ್ರಗಳು ಉಳಿದುಬಂದಿವೆ. ಗಿರಾಕಿಗಳ ತಗಾದೆ, ದಣಿವು, ಮಗುವಿನ ಹಟ, ದೇವರ ಮೇಲಿನ ಭರವಸೆ ಎಲ್ಲವೂ ಅವುಗಳಲ್ಲಿ ಒಟ್ಟಿಗೇ ಬರುತ್ತವೆ.

ಅಂಥ ಒಂದು ಪತ್ರದಲ್ಲಿ ಪುಟ್ಟ ತೆರೇಸಾಳ ಚಿತ್ರವಿದೆ. ಅಕ್ಕ ಕೊಟ್ಟ ಮಣಿಗಳ ಸಣ್ಣ ಸರವೊಂದು ಆಕೆಯ ಜೇಬಿನಲ್ಲಿರುತ್ತಿತ್ತು. ಆಸೆಯಾದದ್ದನ್ನು ಬಿಟ್ಟುಕೊಟ್ಟಾಗ, ಕೋಪ ನುಂಗಿಕೊಂಡಾಗ, ಹೇಳಿದ ಮಾತು ಕೇಳಿದಾಗ ಜೇಬಿಗೆ ಕೈಹಾಕಿ ಒಂದು ಮಣಿ ಸರಿಸುವುದು. ದಿನವಿಡೀ ಅದೇ ಆಟ. ಮುಂದೆ ಮೊದಲ ಪರಮಪ್ರಸಾದ ಸ್ವೀಕಾರಕ್ಕೆ ಸಿದ್ಧವಾಗುವಾಗಲೂ ಅಕ್ಕ ಪೌಲಿನ್ ಮಾಡಿಕೊಟ್ಟ ಪುಸ್ತಕದಲ್ಲಿ ದಿನದಿನದ ತ್ಯಾಗಗಳನ್ನು ಎಣಿಸಿ ಬರೆದಿಡುತ್ತಿದ್ದಳು.

ಆ ಕಾಲದ ಕಥೋಲಿಕ ಮನೆಗಳಲ್ಲಿ ಇದು ವಿಶೇಷವೇನಲ್ಲ. ಪುಣ್ಯವನ್ನು ಎಣಿಸಿ ಕೂಡಿಡಬಹುದು ಎಂಬ ಭಾವನೆ ವ್ಯಾಪಕವಾಗಿತ್ತು. ಮಣಿ ಸರಿಸುತ್ತಿದ್ದ ಈ ಹುಡುಗಿ ಮುಂದೆ ಲೆಕ್ಕವನ್ನೇ ಕೈಬಿಟ್ಟದ್ದು ಆಕೆಯ ಕಥೆಯ ಮುಖ್ಯ ತಿರುವು.

ಮಠದ ಗೋಡೆಗಳ ನಡುವೆ

1877ರಲ್ಲಿ ಝೇಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡಾಗ ತೆರೇಸಾಗೆ ನಾಲ್ಕೂವರೆ ವರ್ಷ. ಕುಟುಂಬ ಲಿಸಿಯೂಗೆ ಬಂದು ನೆಲೆಸಿತು. ತಾಯಿಯ ಸ್ಥಾನದಲ್ಲಿದ್ದ ಪೌಲಿನ್ 1882ರಲ್ಲಿ ಮಠ ಸೇರಿದರು. ನಾಲ್ಕು ವರ್ಷದ ಮೇಲೆ ಹಿರಿಯಕ್ಕ ಮಾರಿ ಅದೇ ದಾರಿ ಹಿಡಿದರು. ತಾನೂ ಹೋಗಬೇಕೆಂದು ತೆರೇಸಾ ಪಟ್ಟುಹಿಡಿದಾಗ ವಯಸ್ಸು ಸಾಲದೆಂದು ಹಿರಿಯರು ತಡೆದರು. 1887ರ ನವೆಂಬರಿನಲ್ಲಿ ತಂದೆಯೊಡನೆ ರೋಮ್ ಯಾತ್ರೆಗೆ ಹೋದವಳು ಹದಿಮೂರನೆಯ ಪೋಪ್ ಲಿಯೋ ಅವರ ಮುಂದೆ ಮಂಡಿಯೂರಿ ನೇರವಾಗಿ ಅನುಮತಿ ಕೇಳಿಬಿಟ್ಟಳು. ಯಾತ್ರಿಕರು ಪೋಪ್ ಅವರೊಡನೆ ಮಾತಾಡಕೂಡದೆಂಬ ಕಟ್ಟಪ್ಪಣೆ ಇತ್ತು. ಕೊನೆಗೆ ಕಾವಲಿನವರೇ ಆಕೆಯನ್ನು ಎಬ್ಬಿಸಿ ಕರೆದೊಯ್ಯಬೇಕಾಯಿತು. 1888ರ ಏಪ್ರಿಲ್ 9ರಂದು ಮಠದ ಬಾಗಿಲು ಆಕೆಗೆ ತೆರೆಯಿತು.

ಕಾರ್ಮೆಲ್ ಸಂನ್ಯಾಸಿನಿಯರು ಏಕಾಂತವಾಸಿಗಳು. ಒಳಗೆ ಹೋದವರು ಹೊರಗೆ ಬರುವುದಿಲ್ಲ. ದಿನಕ್ಕೆ ಎರಡು ಗಂಟೆ ಮೌನಧ್ಯಾನ, ಹಲವು ಸಲ ಸಾಮೂಹಿಕ ಪ್ರಾರ್ಥನೆ, ಉಳಿದಂತೆ ಕಸ ಗುಡಿಸುವುದು, ಬಟ್ಟೆ ಒಗೆಯುವುದು, ಹೊಲಿಯುವುದು, ಊಟದ ಮನೆಯ ಕೆಲಸ. ನಾರ್ಮಂಡಿಯ ಚಳಿಗಾಲದಲ್ಲೂ ಮಲಗುವ ಕೋಣೆಗಳಲ್ಲಿ ಬೆಂಕಿ ಇರುತ್ತಿರಲಿಲ್ಲ. ಮಠದಲ್ಲಿ ತಾನು ಅತಿಯಾಗಿ ಬಳಲಿದ್ದು ಚಳಿಯಿಂದ ಎಂದು ತೆರೇಸಾ ಕೊನೆಗಾಲದಲ್ಲಿ ಹೇಳಿಕೊಂಡಿದ್ದುಂಟು.

ಇಷ್ಟಾದರೂ ಚಳಿಗಿಂತ, ಉಪವಾಸಕ್ಕಿಂತ ಕಠಿಣವಾದದ್ದು ಇನ್ನೊಂದಿತ್ತು: ಸಹವಾಸ. ಬೇರೆ ಬೇರೆ ಮನೆತನ, ವಯಸ್ಸು, ಸ್ವಭಾವದ ಸುಮಾರು ಇಪ್ಪತ್ತೈದು ಹೆಂಗಸರು ಅದೇ ಅಂಗಳ, ಅದೇ ಊಟದ ಮನೆಯಲ್ಲಿ ಸಾಯುವವರೆಗೂ ಒಟ್ಟಿಗಿರಬೇಕು. ಒಟ್ಟುಕುಟುಂಬದಲ್ಲಿ ಬೆಳೆದವರಿಗೆ ಇದರ ಇಕ್ಕಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೆಟ್ಟಿಲಲ್ಲ, ಲಿಫ್ಟು

ಮಠ ಸೇರುವಾಗ ತೆರೇಸಾಗೆ ದೊಡ್ಡ ಸಂತಳಾಗುವ ಹಂಬಲವಿತ್ತು. ಆದರೆ ಹಿಂದಿನ ಸಂತರ ಚರಿತ್ರೆ ಓದಿದಾಗಲೆಲ್ಲ ಅವರು ಮುಗಿಲು ಮುಟ್ಟುವ ಬೆಟ್ಟದಂತೆಯೂ ತಾನು ಕಾಲಡಿಯ ಮರಳಿನ ಕಣದಂತೆಯೂ ಕಾಣುತ್ತಿತ್ತು. ಅವರ ಕಠೋರ ತಪಸ್ಸು, ದೇಹದಂಡನೆ ತನ್ನಿಂದಾಗದು. ಧ್ಯಾನಕ್ಕೆ ಕುಳಿತರೆ ನಿದ್ದೆ ಬರುತ್ತಿತ್ತು. ಹಾಗಾದರೆ ಹಂಬಲವನ್ನೇ ಬಿಡಬೇಕೆ?

ಉತ್ತರ ಸಿಕ್ಕಿದ್ದು ಯಂತ್ರಯುಗದ ಒಂದು ಹೊಸ ಸೌಕರ್ಯದಿಂದ. ಶ್ರೀಮಂತರ ಮನೆಗಳಲ್ಲಿ ಆಗ ಲಿಫ್ಟುಗಳು ಬರತೊಡಗಿದ್ದವು. ರೋಮ್ ಯಾತ್ರೆಯಲ್ಲಿ ಆಕೆಯೂ ಅವನ್ನು ನೋಡಿದ್ದಳು. ಪರಿಪೂರ್ಣತೆಯ ಕಡಿದಾದ ಮೆಟ್ಟಿಲು ಹತ್ತಲಾರದ ಚಿಕ್ಕವಳಿಗೂ ಒಂದು ಲಿಫ್ಟು ಇರಲೇಬೇಕು, ಯೇಸುವಿನ ತೋಳುಗಳೇ ಆ ಲಿಫ್ಟು ಎಂದು ಆಕೆ ಕಂಡುಕೊಂಡಳು. ಅದರಲ್ಲಿ ಏರಲು ದೊಡ್ಡವಳಾಗಬೇಕಿಲ್ಲ, ಚಿಕ್ಕವಳಾಗಿಯೇ ಉಳಿಯಬೇಕು. ಇದೇ ‘ಕಿರುದಾರಿ’ ಎಂದು ಪ್ರಸಿದ್ಧವಾದ ವಿಚಾರ.

ಚಿಕ್ಕವಳಾಗಿ ಉಳಿಯುವುದೆಂದರೆ ಏನೂ ಮಾಡದೆ ಕೂರುವುದಲ್ಲ. ದೊಡ್ಡದನ್ನು ಮಾಡಲಾಗದ ಮಗು ಕೈಗೆಟುಕಿದ್ದನ್ನು ತಂದುಕೊಡುತ್ತದೆ. ತೆರೇಸಾಳ ಕೈಗೆ ಎಟುಕುತ್ತಿದ್ದದ್ದು ಮಠದ ದಿನಚರಿ: ಕಸಪೊರಕೆ, ಸೂಜಿ, ಊಟದ ತಟ್ಟೆ, ಪಕ್ಕದಲ್ಲಿ ಕುಳಿತವರ ಮುಖ. ಅದನ್ನೇ ಪ್ರೀತಿಯಿಂದ ಮಾಡಿ ದೇವರಿಗೆ ಒಪ್ಪಿಸುವುದು. ಕೆಲಸದ ಗಾತ್ರ ಮುಖ್ಯವಲ್ಲ, ಅದರಲ್ಲಿ ಬೆರೆತ ಪ್ರೀತಿ ಮುಖ್ಯ ಎಂಬುದು ಆಕೆಯ ಬೋಧನೆಯ ತಿರುಳು.

ಕನ್ನಡಿಗರಿಗೆ ಇಲ್ಲಿ ಶರಣರ ಕಾಯಕತತ್ತ್ವ ನೆನಪಾಗುವುದು ಸಹಜ. ದುಡಿಮೆಯನ್ನು ಪೂಜೆಯ ಮಟ್ಟಕ್ಕೆ ಏರಿಸುವುದರಲ್ಲಿ ಎರಡಕ್ಕೂ ಹೋಲಿಕೆಯಿದೆ. ಆದರೆ ಒತ್ತು ಬೇರೆ. ಕಾಯಕದಲ್ಲಿ ಸತ್ಯಶುದ್ಧ ದುಡಿಮೆಗೂ ಅದರ ಫಲವನ್ನು ಹಂಚಿಕೊಳ್ಳುವ ದಾಸೋಹಕ್ಕೂ ಮಹತ್ವ. ತೆರೇಸಾಳ ದಾರಿಯಲ್ಲಿ ಕೆಲಸಕ್ಕಿಂತ ಹೆಚ್ಚಾಗಿ, ಕೆಲಸದ ನಡುವೆ ಎದುರಾಗುವ ಮನುಷ್ಯರನ್ನು ಸಹಿಸಿ ಪ್ರೀತಿಸುವುದೇ ಪರೀಕ್ಷೆ.

ಮೂರು ಸಣ್ಣ ಪ್ರಸಂಗಗಳು

ಆ ಪರೀಕ್ಷೆ ಹೇಗಿರುತ್ತಿತ್ತು ಎಂಬುದಕ್ಕೆ ಆಕೆಯ ಆತ್ಮಕಥನದಲ್ಲಿ ಹಲವು ನಿದರ್ಶನಗಳಿವೆ. ಸಂಜೆಯ ಧ್ಯಾನದ ಹೊತ್ತಿನಲ್ಲಿ ಆಕೆಯ ಹಿಂದೆ ಕೂರುತ್ತಿದ್ದ ಸೋದರಿಯೊಬ್ಬರಿಗೆ ಏನೋ ಒಂದು ಸಣ್ಣ ಸದ್ದು ಮಾಡುವ ಚಾಳಿ. ಬೇರೆಯವರಿಗೆ ಕೇಳಿಸುತ್ತಿತ್ತೋ ಇಲ್ಲವೋ, ತೆರೇಸಾಳ ಕಿವಿಗೆ ಅದು ನೆಟ್ಟಗೆ ಬಂದು ತಾಕುತ್ತಿತ್ತು. ತಿರುಗಿ ಒಮ್ಮೆ ದುರುಗುಟ್ಟಿ ನೋಡಿದ್ದರೆ ಸದ್ದು ನಿಲ್ಲುತ್ತಿತ್ತು. ಆಕೆ ತಿರುಗಲಿಲ್ಲ, ತಡೆದುಕೊಳ್ಳುವ ಪ್ರಯತ್ನದಲ್ಲಿ ಮೈ ಬೆವರುತ್ತಿತ್ತು. ಕೇಳದಿರಲು ಹೆಣಗುವ ಬದಲು, ಅದೊಂದು ಸೊಗಸಾದ ಸಂಗೀತವೆಂಬಂತೆ ಕಿವಿಗೊಟ್ಟು ಕೇಳಿ ಅದನ್ನೇ ದೇವರಿಗೆ ಅರ್ಪಿಸತೊಡಗಿದಳು. ಅಂದಿನ ಧ್ಯಾನವೆಲ್ಲ ಅದೇ ಆಯಿತು.

ಇನ್ನೊಬ್ಬ ಸೋದರಿಯ ನಡೆ, ನುಡಿ, ಸ್ವಭಾವ ಯಾವುದೂ ತೆರೇಸಾಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಅವರ ಬಗ್ಗೆಯೇ ಹೆಚ್ಚು ಪ್ರಾರ್ಥಿಸಿದಳು, ಸಾಧ್ಯವಾದಾಗಲೆಲ್ಲ ಅವರಿಗೆ ನೆರವಾದಳು, ಒರಟು ಉತ್ತರ ನಾಲಗೆಯ ತುದಿಗೆ ಬಂದಾಗ ಮುಗುಳ್ನಕ್ಕಳು. ತಡೆಯಲಾರದ ಹೊತ್ತಿನಲ್ಲಿ ಅಲ್ಲಿಂದ ಓಡಿಹೋದದ್ದೂ ಉಂಟು. ಒಂದು ದಿನ ಆ ಸೋದರಿಯೇ ಬಂದು, ತನ್ನಲ್ಲಿ ಅಂಥದ್ದೇನು ಕಂಡು ಇಷ್ಟೊಂದು ಪ್ರೀತಿ ತೋರಿಸುತ್ತೀ ಎಂದು ಸಂತೋಷದಿಂದ ಕೇಳಿದರಂತೆ.

ಮೂರನೆಯದು ವಯಸ್ಸಾಗಿ, ಕಾಯಿಲೆಯಿಂದ ಜರ್ಜರಿತರಾಗಿದ್ದ ಸೋದರಿ ಸೇಂಟ್ ಪೀಟರ್ ಅವರದು. ಪ್ರತಿ ಸಂಜೆ ಅವರನ್ನು ಪ್ರಾರ್ಥನಾ ಮಂದಿರದಿಂದ ಊಟದ ಮನೆಗೆ ನಡೆಸಿಕೊಂಡು ಹೋಗಬೇಕು. ಅವರನ್ನು ಮೆಚ್ಚಿಸುವುದು ಸುಲಭವಲ್ಲ. ಬೇಗ ನಡೆದರೆ ಬೀಳಿಸುತ್ತೀ ಎನ್ನುವರು. ನಿಧಾನಿಸಿದರೆ ಹಿಂದೆ ಇದ್ದೀಯೋ ಇಲ್ಲವೋ, ಕೈ ಬಿಟ್ಟೆಯಾ ಎನ್ನುವರು. ಇಷ್ಟು ಎಳೆಯವಳಿಗೆ ಈ ಕೆಲಸ ಯಾಕಾದರೂ ಕೊಟ್ಟರೋ ಎಂದು ಗೊಣಗುವರು. ಊಟದ ಮನೆ ತಲುಪಿ, ಕೂರಿಸಿ, ತೋಳಿನ ಬಟ್ಟೆಯನ್ನು ಅವರು ಹೇಳುವ ರೀತಿಯಲ್ಲೇ ಮಡಿಸಿದರೆ ಕೆಲಸ ಮುಗಿಯಿತು. ಸೊಟ್ಟಗಾದ ಆ ಕೈಗಳಿಂದ ರೊಟ್ಟಿ ಕತ್ತರಿಸಲು ಅವರು ಪಡುವ ಕಷ್ಟ ತೆರೇಸಾಳ ಕಣ್ಣಿಗೆ ಬಿತ್ತು. ಅಂದಿನಿಂದ ರೊಟ್ಟಿ ಕತ್ತರಿಸಿಕೊಟ್ಟು, ಒಂದು ನಗು ನಕ್ಕು ಹೊರಡತೊಡಗಿದಳು. ಯಾರೂ ಹೇಳಿರದ ಆ ಎರಡು ಸಣ್ಣ ಕೆಲಸಗಳಿಂದಲೇ ಮುದುಕಿಯ ಮನಸ್ಸು ಗೆದ್ದಳು.

ಒಂದು ಚಳಿಗಾಲದ ಸಂಜೆ ಹೀಗೆ ನಡೆಸಿಕೊಂಡು ಹೋಗುತ್ತಿದ್ದಾಗ ಹೊರಗೆಲ್ಲೋ ದೂರದಿಂದ ವಾದ್ಯಸಂಗೀತ ಕೇಳಿಬಂತು. ದೀಪಗಳಿಂದ ಬೆಳಗುವ ಸಿರಿವಂತ ದಿವಾನಖಾನೆ, ಒಳ್ಳೆಯ ಉಡುಪು ತೊಟ್ಟ ತರುಣಿಯರು ಆಕೆಯ ಕಣ್ಣ ಮುಂದೆ ಸುಳಿದರು. ಇತ್ತ ನೋಡಿದರೆ ಮಬ್ಬು ಬೆಳಕು, ಇಟ್ಟಿಗೆ ಗೋಡೆ, ನರಳುವ ಮುದುಕಿ. ಸಾವಿರ ವರ್ಷ ಆ ದಿವಾನಖಾನೆಯ ಸುಖ ಸಿಗುತ್ತದೆಂದರೂ ಈ ಹತ್ತು ನಿಮಿಷದ ಸೇವೆಯನ್ನು ಬಿಟ್ಟುಕೊಡುತ್ತಿರಲಿಲ್ಲ ಎಂದು ಆಕೆಗೆ ಅನ್ನಿಸಿತು.

ಬರಿಗೈಯಲ್ಲಿ

ಇವೆಲ್ಲ ಪುಣ್ಯ ಸಂಪಾದನೆಯ ಉಪಾಯಗಳಂತೆ ತೋರಬಹುದು. ಜೇಬಿನ ಮಣಿಸರ ದೊಡ್ಡದಾಯಿತು ಅಷ್ಟೇ ಎಂದುಕೊಂಡರೆ ಕಿರುದಾರಿಯ ಅರ್ಥ ತಪ್ಪಿಹೋಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಕಥೋಲಿಕರಲ್ಲಿ ದೇವರೆಂದರೆ ಕಟ್ಟುನಿಟ್ಟಾದ ನ್ಯಾಯಾಧೀಶ ಎಂಬ ಭಯ ಬೇರೂರಿತ್ತು. ದೇವರ ನ್ಯಾಯವನ್ನು ತಣಿಸಲು, ಪಾಪಿಗಳಿಗೆ ಸಲ್ಲಬೇಕಾದ ಶಿಕ್ಷೆಯನ್ನು ತಮ್ಮ ಮೇಲೆ ಎಳೆದುಕೊಳ್ಳುತ್ತೇವೆಂದು ಹರಕೆ ಹೊರುವ ಸಂನ್ಯಾಸಿನಿಯರಿದ್ದರು. ತೆರೇಸಾ 1895ರ ಜೂನ್ 9ರಂದು ಮಾಡಿದ ಸಮರ್ಪಣೆ ದೇವರ ನ್ಯಾಯಕ್ಕಲ್ಲ, ಕರುಣೆಯ ಪ್ರೀತಿಗೆ. ಬದುಕಿನ ಕೊನೆಗೆ ತಾನು ದೇವರ ಮುಂದೆ ಬರಿಗೈಯಲ್ಲಿ ನಿಲ್ಲುವುದಾಗಿಯೂ ತನ್ನ ಸತ್ಕಾರ್ಯಗಳನ್ನು ಲೆಕ್ಕಕ್ಕೆ ಹಿಡಿಯಬೇಡವೆಂದೂ ಅದರಲ್ಲಿ ಆಕೆ ಬೇಡಿಕೊಳ್ಳುತ್ತಾಳೆ.

ನಾಲ್ಕನೆಯ ವಯಸ್ಸಿನಲ್ಲಿ ಮಣಿ ಎಣಿಸಿದವಳು ಇಪ್ಪತ್ತೆರಡಕ್ಕೆ ಕೈ ಬರಿದು ಮಾಡಿಕೊಂಡಳು. ಸಣ್ಣ ಕೆಲಸಗಳನ್ನು ಬಿಡಲಿಲ್ಲ, ಅವುಗಳ ಲೆಕ್ಕ ಬಿಟ್ಟಳು. ತಾಯಿಗೆ ಹೂ ತಂದುಕೊಡುವ ಮಗು ಎಷ್ಟು ಕೊಟ್ಟೆನೆಂದು ಬರೆದಿಡುವುದಿಲ್ಲ. ಹೀಗೆ ದಿನನಿತ್ಯದ ಕರ್ತವ್ಯ ವ್ಯಾಪಾರವಾಗುವುದನ್ನು ತಪ್ಪಿಸಿದ್ದೇ ಆಕೆಯ ಮುಖ್ಯ ಕೊಡುಗೆ. ಧ್ಯಾನದಲ್ಲಿ ತೂಕಡಿಸಿದ್ದಕ್ಕೂ ಆಕೆ ಕೊರಗುವುದನ್ನು ಬಿಟ್ಟಳು. ನಿದ್ದೆ ಮಾಡುವ ಮಕ್ಕಳೂ ತಂದೆತಾಯಿಗೆ ಎಚ್ಚರವಿರುವ ಮಕ್ಕಳಷ್ಟೇ ಪ್ರಿಯರಲ್ಲವೇ ಎಂಬುದು ಆಕೆಯ ವಾದ.

ಕತ್ತಲೆಯ ದಿನಗಳು

1896ರ ಏಪ್ರಿಲ್‌ನಲ್ಲಿ, ಶುಭಶುಕ್ರವಾರದ ಹಿಂದಿನ ರಾತ್ರಿ, ತೆರೇಸಾಗೆ ಮೊದಲ ಸಲ ಬಾಯಿಂದ ರಕ್ತ ಬಂತು. ಕ್ಷಯಕ್ಕೆ ಆಗ ಪರಿಣಾಮಕಾರಿ ಔಷಧವಿರಲಿಲ್ಲ. ಅದಾದ ಕೆಲವೇ ದಿನಗಳಲ್ಲಿ ಇನ್ನೊಂದು ಕಷ್ಟ ಶುರುವಾಯಿತು. ಚಿಕ್ಕಂದಿನಿಂದ ಕಣ್ಣಿಗೆ ಕಟ್ಟಿದಂತಿದ್ದ ಸ್ವರ್ಗದ ಭಾವನೆಯೇ ಮಾಯವಾಯಿತು. ದಟ್ಟ ಮಂಜು ಕವಿದಂತೆ, ಗೋಡೆಯೊಂದು ಮುಗಿಲಿನವರೆಗೆ ಎದ್ದು ನಿಂತಂತೆ ಆಯಿತು ಎಂದು ಆಕೆ ಬರೆಯುತ್ತಾಳೆ. ಸಾವಿನಾಚೆ ಏನೂ ಇಲ್ಲವೆಂದು ಅಣಕಿಸುವ ದನಿ ಕೇಳುತ್ತಿತ್ತು. ನಂಬಿಕೆಯಿಲ್ಲದವರ ಜೊತೆ ತಾನೂ ಅದೇ ಮೇಜಿನಲ್ಲಿ ಕುಳಿತಿದ್ದೇನೆ ಎಂಬಂತೆ ಅವರ ಪರವಾಗಿ ಪ್ರಾರ್ಥಿಸಿದಳು.

ಸುಮಾರು ಒಂದೂವರೆ ವರ್ಷ, ಸಾಯುವವರೆಗೂ, ಈ ಕತ್ತಲೆ ಸರಿಯಲಿಲ್ಲ. ಹೊರಗಿನವರಿಗೆ ಇದರ ಸುಳಿವೇ ಇರಲಿಲ್ಲ. ಹೊಸದಾಗಿ ಸೇರಿದವರಿಗೆ ಮಾರ್ಗದರ್ಶನ, ಹೊಲಿಗೆ, ಪತ್ರ ಬರೆಯುವುದು ಶಕ್ತಿಯಿರುವವರೆಗೆ ನಡೆದೇ ಇತ್ತು. ಕೊನೆಯ ತಿಂಗಳುಗಳಲ್ಲಿ ಉಸಿರಾಡುವುದೇ ಹಿಂಸೆಯಾದಾಗ, ಇಂಥ ನೋವಿನ ರೋಗಿಗಳ ಕೈಗೆಟುಕುವಂತೆ ವಿಷದ ಔಷಧಿಗಳನ್ನು ಇಡಬೇಡಿ ಎಂದು ಆರೈಕೆ ಮಾಡುವವರನ್ನು ಎಚ್ಚರಿಸಿದಳು. ಚಿತ್ರಪಟಗಳಲ್ಲಿ ಗುಲಾಬಿ ಹಿಡಿದು ನಗುವ ಸಂತಳ ಹಿಂದೆ ಈ ಕಠೋರ ಅನುಭವವಿದೆ. ಭಕ್ತಿಯ ಆನಂದ ಬತ್ತಿಹೋದ ಮೇಲೂ ಕೈಯಲ್ಲಿದ್ದ ಸಣ್ಣ ಕೆಲಸವನ್ನು ಪ್ರೀತಿಯಿಂದ ಮಾಡಬಹುದೆಂದು ಆಕೆ ಬದುಕಿ ತೋರಿಸಿದಳು. 1897ರ ಸೆಪ್ಟೆಂಬರ್ 30ರಂದು ಆಕೆ ಕಣ್ಣುಮುಚ್ಚಿದಳು.

ಪೌಲಿನ್ ಅವರ ಒತ್ತಾಯಕ್ಕೆ ಬರೆಯಲು ಆರಂಭಿಸಿದ್ದ ನೆನಪುಗಳು ‘ಒಂದು ಆತ್ಮದ ಕಥೆ’ ಎಂಬ ಹೆಸರಿನಲ್ಲಿ ಮರುವರ್ಷ ಅಚ್ಚಾದವು. ಮೊದಲು ಮುದ್ರಿಸಿದ್ದು 2,000 ಪ್ರತಿ. ಆಮೇಲೆ ಅದು ಹತ್ತಾರು ಭಾಷೆಗಳಿಗೆ ಹೋಯಿತು. ಪೌಲಿನ್ ಅದನ್ನು ಬಹಳಷ್ಟು ತಿದ್ದಿದ್ದರು. ತೆರೇಸಾಳ ಕೈಬರಹ ಇದ್ದದ್ದಿದ್ದಂತೆ ಬೆಳಕು ಕಂಡದ್ದು 1956ರಲ್ಲಿ.

ಹಿಂದೆ ಮುಂದೆ

ದಿನದ ಕರ್ತವ್ಯದಲ್ಲಿ ದೇವರನ್ನು ಕಾಣುವ ವಿಚಾರ ತೆರೇಸಾಳಿಂದ ಶುರುವಾದದ್ದಲ್ಲ. ಹದಿನಾರನೆಯ ಶತಮಾನದ ಸ್ಪೇನಿನ ಆವಿಲಾದ ತೆರೇಸಾ, ಅಡುಗೆಮನೆಯ ಪಾತ್ರೆಪರಟೆಗಳ ನಡುವೆಯೂ ದೇವರು ಓಡಾಡುತ್ತಾನೆ ಎಂದು ತಮ್ಮ ಸೋದರಿಯರಿಗೆ ಹೇಳಿದ್ದರು. ಮರುಶತಮಾನದ ಆರಂಭದಲ್ಲಿ ಜಿನೀವಾದ ಬಿಷಪ್ ಸಂತ ಫ್ರಾನ್ಸಿಸ್ ದ ಸೇಲ್ಸ್ ಅವರು, ಸೈನಿಕ, ಕುಶಲಕರ್ಮಿ, ಗೃಹಸ್ಥ ಎಲ್ಲರಿಗೂ ಅವರವರ ಬದುಕಿಗೆ ಹೊಂದುವ ಭಕ್ತಿಯುಂಟು ಎಂದು ಪುಸ್ತಕವನ್ನೇ ಬರೆದರು. ಪ್ಯಾರಿಸಿನ ಕಾರ್ಮೆಲ್ ಮಠದ ಅಡುಗೆಯವನಾಗಿದ್ದ ಬ್ರದರ್ ಲಾರೆನ್ಸ್ ಒಲೆಯ ಮುಂದೆಯೂ ಪ್ರಾರ್ಥನಾ ಮಂದಿರದಲ್ಲಿ ಇದ್ದಷ್ಟೇ ದೇವರ ಸನ್ನಿಧಿಯಲ್ಲಿ ಇರುತ್ತಿದ್ದರೆಂದು ಪ್ರಸಿದ್ಧಿ. 1844ರಲ್ಲಿ ಫ್ರಾನ್ಸಿನ ಜೆಸ್ವಿಟ್ ಗುರು ಗೊತ್ರೆಲೆ, ದೂರದೇಶಗಳಿಗೆ ಹೋಗಲು ತವಕಿಸುತ್ತಿದ್ದ ವಿದ್ಯಾರ್ಥಿಗಳಿಗೆ ಇಂದಿನ ಓದನ್ನೇ ದೇವರಿಗೆ ಅರ್ಪಿಸಿ ಎಂದರು. ಎದ್ದ ಕೂಡಲೇ ಆ ದಿನದ ಕೆಲಸ, ಸುಖ, ಕಷ್ಟಗಳನ್ನೆಲ್ಲ ಒಪ್ಪಿಸುವ ಬೆಳಗಿನ ಸಮರ್ಪಣೆಯ ಪ್ರಾರ್ಥನೆ ಆ ಚಳವಳಿಯ ಮೂಲಕ ಕಥೋಲಿಕ ಮನೆಗಳಿಗೆಲ್ಲ ಹರಡಿತು.

ಆದರೂ ಪಾವಿತ್ರ್ಯವೆಂದರೆ ಪಾದ್ರಿಗಳು, ಸಂನ್ಯಾಸಿನಿಯರ ಪಾಲಿನದು ಎಂಬ ಭಾವನೆ ಗಟ್ಟಿಯಾಗಿಯೇ ಇತ್ತು. ಎರಡನೆಯ ವ್ಯಾಟಿಕನ್ ಮಹಾಸಭೆ 1964ರ ನವೆಂಬರಿನಲ್ಲಿ ಹೊರಡಿಸಿದ ಧರ್ಮಸಭೆ ಕುರಿತ ದಸ್ತಾವೇಜು ಒಂದು ಇಡೀ ಅಧ್ಯಾಯವನ್ನು ಇದಕ್ಕೆ ಮೀಸಲಿಟ್ಟಿತು. ಗಂಡ ಹೆಂಡತಿ, ದುಡಿಯುವವರು, ರೋಗಿಗಳು, ವಿಧವೆಯರು ಎಲ್ಲರಿಗೂ ಪಾವಿತ್ರ್ಯದ ಕರೆ ಒಂದೇ ಎಂದು ಅದು ಸಾರಿತು. ಪೋಪ್ ಫ್ರಾನ್ಸಿಸ್ 2018ರಲ್ಲಿ ಹೊರಡಿಸಿದ ಪತ್ರದಲ್ಲಿ ‘ನೆರೆಮನೆಯ ಸಂತರ’ ಬಗ್ಗೆ ಬರೆದರು. ಮಕ್ಕಳನ್ನು ಪ್ರೀತಿಯಿಂದ ಬೆಳೆಸುವ ತಂದೆತಾಯಿ, ಮನೆ ನಡೆಸಲು ದುಡಿಯುವವರು, ನಗುವುದನ್ನು ಮರೆಯದ ವೃದ್ಧ ಸಂನ್ಯಾಸಿನಿಯರು ಅವರು ಕೊಟ್ಟ ಉದಾಹರಣೆಗಳು.

2015ರ ಅಕ್ಟೋಬರ್ 18ರಂದು ಲೂಯಿ ಮತ್ತು ಝೇಲಿ ಅವರಿಗೂ ಸಂತ ಪದವಿ ಸಿಕ್ಕಿತು. ದಂಪತಿಯಾಗಿ ಒಟ್ಟಿಗೆ ಆ ಪದವಿಗೆ ಏರಿದವರಲ್ಲಿ ಅವರೇ ಮೊದಲಿಗರು. ಲೇಸು ಹೆಣೆದು, ಗಡಿಯಾರ ರಿಪೇರಿ ಮಾಡಿ, ಮಕ್ಕಳನ್ನು ಸಾಕಿದ ಸಂಸಾರವೇ ಪೀಠದ ಮೇಲೆ ಬಂದಂತಾಯಿತು.

ಮಂಗಳೂರಿನ ನಂಟು

ತೆರೇಸಾ ಭಾರತಕ್ಕೆ ಬಂದವಳಲ್ಲ. ಆದರೆ ಆಕೆಯ ಹೆಸರು ಬಂತು. ಅಲ್ಬೇನಿಯನ್ ಮನೆತನದ ಆಗ್ನೆಸ್ ಎಂಬ ಯುವತಿ ಲೊರೆಟೊ ಸಂಸ್ಥೆಯಲ್ಲಿ ಸಂನ್ಯಾಸ ಸ್ವೀಕರಿಸುವಾಗ ಆರಿಸಿಕೊಂಡದ್ದು ಲಿಸಿಯೂವಿನ ಈ ಸಂತಳ ಹೆಸರನ್ನು. ಅವರೇ ಕಲ್ಕತ್ತಾದ ಮದರ್ ತೆರೇಸಾ.

ಕರ್ನಾಟಕದ ನಂಟು ಇನ್ನೂ ಹಳೆಯದು. ತೆರೇಸಾ ಹುಟ್ಟುವುದಕ್ಕೆ ಮೂರು ವರ್ಷ ಮೊದಲು, 1870ರಲ್ಲಿ, ಅದೇ ಕಾರ್ಮೆಲ್ ಸಂಸ್ಥೆಯ ಸಂನ್ಯಾಸಿನಿಯರ ತಂಡವೊಂದು ಫ್ರಾನ್ಸಿನ ಪೋ ಪಟ್ಟಣದಿಂದ ಹೊರಟು ಮಂಗಳೂರಿನಲ್ಲಿ ಮಠ ಸ್ಥಾಪಿಸಿತು. ಆ ತಂಡದಲ್ಲಿದ್ದವಳು ಗಲಿಲಾಯದ ಅರಬ್ ಹುಡುಗಿ ಮರಿಯಂ ಬವಾರ್ದಿ. ತೆರೇಸಾಗೆ ತದ್ವಿರುದ್ಧವೆಂಬಂತೆ ಈಕೆಯ ಬದುಕೆಲ್ಲ ಭಾವಪರವಶತೆ, ದರ್ಶನ, ಮೈಮೇಲೆ ಮೂಡುವ ಕ್ರಿಸ್ತನ ಗಾಯದ ಗುರುತುಗಳು. 1871ರಲ್ಲಿ ಮಂಗಳೂರಿನಲ್ಲೇ ಸಂನ್ಯಾಸದ ವ್ರತ ತೊಟ್ಟಳು. ಆದರೆ ಆ ಅಲೌಕಿಕ ಅನುಭವಗಳೇ ಸಂಶಯಕ್ಕೆ ಕಾರಣವಾಗಿ ಮರುವರ್ಷ ಆಕೆಯನ್ನು ಫ್ರಾನ್ಸಿಗೆ ವಾಪಸು ಕಳುಹಿಸಲಾಯಿತು. ಮುಂದೆ ಬೆತ್ಲೆಹೇಮಿನಲ್ಲಿ ಮಠ ಕಟ್ಟಿಸುವಾಗ ಕೆಲಸದವರಿಗೆ ಕುಡಿಯುವ ನೀರು ಹೊತ್ತು ತರುತ್ತಿದ್ದವಳು ಬಿದ್ದು ಗಾಯಗೊಂಡು 1878ರಲ್ಲಿ ತೀರಿಕೊಂಡಳು. 2015ರಲ್ಲಿ ಈಕೆಯೂ ಸಂತ ಪದವಿ ಪಡೆದಳು. ಅಷ್ಟೆಲ್ಲ ಅದ್ಭುತಗಳ ಬದುಕು ಕೊನೆಗೊಂಡದ್ದು ಬಾಯಾರಿದವರಿಗೆ ನೀರು ತರುವ ಸಣ್ಣ ಕೆಲಸದಲ್ಲಿ.

ಕರಾವಳಿಯ ಕೊಂಕಣಿ ಕಥೋಲಿಕರ ಮನೆಗಳಲ್ಲಿ ಈ ದಾರಿಯ ರೂಢಿಗಳು ಬೇರೆಯೇ ಹೆಸರಿನಲ್ಲಿವೆ. ದಿನದ ಕೆಲಸ ಮುಗಿದ ಮೇಲೆ ಮನೆಮಂದಿ ಒಟ್ಟಿಗೆ ಕೂತು ‘ತೇರ್ಸ್’, ಅಂದರೆ ಜಪಸರ ಪ್ರಾರ್ಥನೆ ಹೇಳುತ್ತಾರೆ. ಅದು ಮುಗಿದ ಕೂಡಲೇ ಕಿರಿಯರು ಹಿರಿಯರ ಮುಂದೆ ಕೈಮುಗಿದು ‘ಬೆಸಾಂವ್’, ಅಂದರೆ ಆಶೀರ್ವಾದ ಬೇಡುತ್ತಾರೆ. ಹಗಲು ಜಗಳವಾಡಿದ್ದ ಮಗನೂ ಅಪ್ಪನ ಮುಂದೆ ನಿಲ್ಲಬೇಕು. ಮುನಿಸಿಕೊಂಡ ಅಪ್ಪನೂ ಕೈ ಎತ್ತಿ ಹರಸಬೇಕು. ದಿನದ ಕೊನೆಯ ಆ ಅರೆನಿಮಿಷದಲ್ಲಿ ಎಷ್ಟೋ ಸಿಟ್ಟು ಕರಗುತ್ತದೆ.

ಯಾರಿಗೆ ಹೇಳಬೇಕಾದ ಮಾತು?

ಕಿರುದಾರಿಯ ಬಗ್ಗೆ ಆಕ್ಷೇಪಗಳಿಲ್ಲದೆ ಇಲ್ಲ. ಪಾತ್ರೆ ತೊಳೆಯುವುದೂ ಪವಿತ್ರ ಎಂಬ ಮಾತನ್ನು ಪಾತ್ರೆ ತೊಳೆಯದವರು ತೊಳೆಯುವವರಿಗೆ ಹೇಳಿದರೆ ಅದು ಬೋಧನೆಯಲ್ಲ, ಬಾಯಿ ಮುಚ್ಚಿಸುವ ಉಪಾಯ. ಮನೆಯ ಹೆಣ್ಣುಮಕ್ಕಳಿಗೆ, ಕೂಲಿಯವರಿಗೆ, ಮಠಗಳ ಒಳಗೇ ಕೆಳಗಿನ ಕೆಲಸ ಮಾಡುವವರಿಗೆ ತಾಳ್ಮೆಯ ಹೆಸರಿನಲ್ಲಿ ಅನ್ಯಾಯ ನುಂಗಲು ಕಲಿಸುವ ಅಪಾಯ ಇದರಲ್ಲಿ ಉಂಟು. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ.

ತೆರೇಸಾಳ ಬದುಕೇ ಇದಕ್ಕೆ ಸ್ವಲ್ಪಮಟ್ಟಿಗೆ ಉತ್ತರ ಕೊಡುತ್ತದೆ. ಆಕೆ ತಗ್ಗಿ ನಡೆಯುವ ಹುಡುಗಿಯಾಗಿರಲಿಲ್ಲ. ಬಾಯಿ ಬಿಡಬೇಡ ಎಂದ ಕಡೆ ಪೋಪ್ ಅವರನ್ನೇ ಮಾತಾಡಿಸಿದವಳು. ಹೊಸ ಸೋದರಿಯರಿಗೆ ಮಾರ್ಗದರ್ಶಿಯಾಗಿದ್ದಾಗ ಅವರ ತಪ್ಪುಗಳನ್ನು ಮುಲಾಜಿಲ್ಲದೆ ತಿದ್ದಿದವಳು. ಅದಕ್ಕಿಂತ ಮುಖ್ಯವಾಗಿ, ಸಿಡಿದ ನೀರನ್ನು ಸಹಿಸಲು ಆಕೆ ಹೇಳಿದ್ದು ತನಗೆ, ಬೇರೆಯವರಿಗಲ್ಲ. ಮುದುಕಿಗೆ ರೊಟ್ಟಿ ಕತ್ತರಿಸಿಕೊಡಲು ಆಕೆಗೆ ಯಾರೂ ಆಜ್ಞೆ ಮಾಡಿರಲಿಲ್ಲ. ಸ್ವಂತ ಇಷ್ಟದಿಂದ ಆರಿಸಿಕೊಂಡಾಗ ದಾರಿಯಾಗುವುದು, ಹೇರಿದಾಗ ಹೊರೆಯಾಗುತ್ತದೆ. ಕಿರುದಾರಿಯನ್ನು ಮೆಚ್ಚುವವರು ಮರೆಯಬಾರದ ವ್ಯತ್ಯಾಸ ಇದು.

ಆದರೂ ಬಹುಪಾಲು ಜನರ ಬದುಕು ದೊಡ್ಡ ಘಟನೆಗಳಿಲ್ಲದೆ ಸಾಗುತ್ತದೆ ಎಂಬುದು ನಿಜ. ಹಾಸಿಗೆ ಹಿಡಿದ ಅತ್ತೆಗೆ ಊಟ ಮಾಡಿಸುವವರು, ಒಂದೇ ಮೇಜಿನ ಮುಂದೆ ಮೂವತ್ತು ವರ್ಷ ಕಡತ ನೋಡುವವರು, ಮಕ್ಕಳ ಬಟ್ಟೆ ಒಗೆಯುವವರು ಇದನ್ನೆಲ್ಲ ಮಾಡಿ ಏನು ಸಾಧಿಸಿದಂತಾಯಿತು ಎಂದು ಒಂದಲ್ಲ ಒಂದು ಸಂಜೆ ಕೇಳಿಕೊಳ್ಳುತ್ತಾರೆ. ಅವರ ಪ್ರಶ್ನೆಯನ್ನು ತನ್ನದಾಗಿಸಿಕೊಂಡು ಉತ್ತರ ಹುಡುಕಿದ್ದರಿಂದಲೇ ಈ ಸಂತಳಿಗೆ ಚರ್ಚಿನ ಹೊರಗೂ ಓದುಗರಿದ್ದಾರೆ.

ಕಾರ್ಮೆಲ್ ಮಠಗಳಲ್ಲಿ ಸೋದರಿಯೊಬ್ಬರು ತೀರಿಕೊಂಡರೆ ಅವರ ಜೀವನವೃತ್ತಾಂತ ಬರೆದು ಬೇರೆ ಮಠಗಳಿಗೆ ಕಳುಹಿಸುವ ವಾಡಿಕೆಯಿತ್ತು. ತೆರೇಸಾ ಸಾವಿನ ಹಾಸಿಗೆಯಲ್ಲಿದ್ದಾಗ ಕಿಟಕಿಯ ಹೊರಗೆ ಒಬ್ಬ ಸೋದರಿ ಇನ್ನೊಬ್ಬರೊಡನೆ ಮಾತಾಡುತ್ತಿದ್ದರಂತೆ: ಪಾಪ, ಈಕೆಯ ಬಗ್ಗೆ ಮದರ್ ಏನು ತಾನೇ ಬರೆದಾರು? ಒಳ್ಳೆಯ ಹುಡುಗಿ ನಿಜ, ಆದರೆ ಹೇಳಿಕೊಳ್ಳುವಂಥದ್ದು ಏನನ್ನೂ ಮಾಡಲಿಲ್ಲವಲ್ಲ. ಆ ಸೋದರಿ ಕಂಡದ್ದರಲ್ಲಿ ತಪ್ಪಿರಲಿಲ್ಲ. ಒಂಬತ್ತು ವರ್ಷ ಪಕ್ಕದಲ್ಲೇ ಇದ್ದವರಿಗೂ ಕಾಣದಂತೆ ಮಾಡಿದ ಕೆಲಸಗಳವು. ಮಾಡಿದವಳೂ ಅವುಗಳ ಲೆಕ್ಕ ಇಟ್ಟಿರಲಿಲ್ಲ.